ಆಯಿಯ ಗದ್ದದ ಹಚ್ಚೆ ಅಳಿಸಬೇಡಿ

ನಮ್ಮ ಹುಣಸಗಿ ಕಡೆ ಯಾರಾದರೂ ಹಿರಿಯರು ತೀರಿಕೊಂಡರೆ ಮಣ್ಣು ಮುಗಿಯುವುದರೊಳಗೆ ಶ್ರದ್ಧಾಂಜಲಿ ಬ್ಯಾನರ್ ಕಟ್ಟುತ್ತಾರೆ. ಜೀವನಪೂರ್ತಿ ಬಿಸಿಲಲ್ಲಿ ದುಡಿದ ಮುತ್ಯಾ ಬ್ಯಾನರಿನಲ್ಲಿ ಹಾಲಿನಂತೆ ಬೆಳ್ಳಗಿರುತ್ತಾನೆ. ಮುಖದಲ್ಲಿ ಒಂದು ಸುಕ್ಕಿಲ್ಲ. ಮೈಮೇಲೆ ಎಂದೂ ಹಾಕದ ಕೋಟು, ಹಿಂದೆ ಎಂದೂ ನೋಡದ ಹಿಮದ ಗುಡ್ಡ.

ಇದಕ್ಕೆ ಸ್ಟುಡಿಯೊದವರನ್ನಷ್ಟೇ ಬೈದರೆ ತಪ್ಪು. ಮನೆಯವರು ತರುವುದು ಒಂದು ಹಳೇ ಕಪ್ಪು-ಬಿಳುಪು ಫೋಟೊ, ಇಲ್ಲವೇ ಅರ್ಧ ಸೀಲು ಬಿದ್ದ ಪಾಸ್‌ಪೋರ್ಟ್ ಸೈಜಿನ ಚಿತ್ರ. "ಸಂಜೀಗಿ ಬೇಕು, ಸ್ವಲ್ಪ ಬೆಳ್ಳಗ ಮಾಡ್ರಿ" ಅನ್ನುವವರೂ ನಾವೇ. ಹತ್ತು ನಿಮಿಷದಲ್ಲಿ ಆಗುವ ಕೆಲಸ ಎಂದರೆ ಚರ್ಮ ನುಣುಪು ಮಾಡಿ ಬಣ್ಣ ತುಂಬುವುದು. ಈಗಂತೂ ಅದನ್ನು ಮೊಬೈಲ್ ಆ್ಯಪ್ ತಾನೇ ಮಾಡುತ್ತದೆ.

ಆದರೆ ಆ ಬಣ್ಣ ಬರೀ ಊಹೆ. ಆಯಿಯ ಇಳಕಲ್ ಸೀರೆ ಯಾವ ಬಣ್ಣದ್ದೆಂದು ಆ್ಯಪ್‌ಗೆ ಗೊತ್ತಿಲ್ಲ. ಕಣ್ಣು, ತುಟಿ ಮಸುಕಾಗಿದ್ದರೆ ಬೇರೆ ಸಾವಿರಾರು ಮುಖ ನೋಡಿ ಕಲಿತದ್ದನ್ನು ತಂದು ಕೂಡಿಸುತ್ತದೆ. ಗದ್ದದ ಮೇಲಿನ ಹಚ್ಚೆಯನ್ನು ಕಲೆ ಎಂದು ಅಳಿಸುತ್ತದೆ.

ಕಪ್ಪು-ಬಿಳುಪು ಫೋಟೊಕ್ಕೆ ಬೇಕಾದ್ದು ಬಣ್ಣವಲ್ಲ, ಆಳ. ಕಂಪ್ಯೂಟರಿನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಸಾಮಾನ್ಯವಾಗಿ 0ರಿಂದ 255ರ ತನಕ 256 ಮೆಟ್ಟಿಲು. ಫೋಟೊ ಮಾಸಿದಾಗ ಕಡುಗಪ್ಪೂ ಇರುವುದಿಲ್ಲ, ಅಚ್ಚ ಬಿಳುಪೂ ಇರುವುದಿಲ್ಲ. ನಡುವಿನ ಬೂದಿ ಬಣ್ಣವಷ್ಟೇ ಉಳಿದು ಮುಖ ರೊಟ್ಟಿಯಂತೆ ಚಪ್ಪಟೆ ಕಾಣುತ್ತದೆ. ಫೋಟೊಶಾಪ್‌ನ 'ಲೆವೆಲ್ಸ್'ನಲ್ಲಿ ಎರಡು ತುದಿಗಳನ್ನು ಸರಿಪಡಿಸಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧಕ್ಕೆ 'ಡಾಜ್' ಮತ್ತು 'ಬರ್ನ್' ಇವೆ. ಇವು ಕಂಪ್ಯೂಟರಿಗಿಂತ ಹಳೆಯವು. ಡಾರ್ಕ್‌ರೂಮಿನಲ್ಲಿ ಪೇಪರಿನ ಒಂದು ಭಾಗಕ್ಕೆ ಕೈ ಅಥವಾ ರಟ್ಟು ಅಡ್ಡ ಹಿಡಿದರೆ ಅಲ್ಲಿ ತಿಳಿಯಾಗುತ್ತಿತ್ತು, ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಗಾಢವಾಗುತ್ತಿತ್ತು. ಈಗ ಅದನ್ನೇ ಬ್ರಷ್‌ನಿಂದ ಮಾಡುತ್ತೇವೆ. ಮೊದಲು ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಬೆಳಕು ಬಂದ ಕಡೆಯ ಕೆನ್ನೆ, ಹಣೆಗೆ ಸ್ವಲ್ಪ ತಿಳಿ. ನೆರಳಿನ ಕಡೆ, ಗದ್ದದ ಕೆಳಗೆ, ರುಮಾಲಿನ ಮಡಿಕೆಯಲ್ಲಿ ಸ್ವಲ್ಪ ಗಾಢ. ಬ್ರಷ್ ಶೇ 5-10ರ ಮೇಲೆ ಬೇಡ. ಹಿನ್ನೆಲೆ ತುಸು ಕಪ್ಪಾದರೆ ಮುಖ ತಾನೇ ಮುಂದೆ ಬರುತ್ತದೆ. ಮೊಬೈಲಿನ ಸ್ನ್ಯಾಪ್‌ಸೀಡ್‌ನಲ್ಲೂ ಇದನ್ನು ದುಡ್ಡಿಲ್ಲದೆ ಮಾಡಬಹುದು.

ಎ.ಎನ್. ಮುಕುಂದ ಅವರು ತೆಗೆದ ಕನ್ನಡ ಸಾಹಿತಿಗಳ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ. ಬಣ್ಣವಿಲ್ಲ, ಆದರೂ ಆ ಮುಖಗಳು ನಮ್ಮ ಜೊತೆ ಮಾತಾಡುತ್ತವೆ. ಸಾಹಿತಿಗಳ ಸುಕ್ಕಿಗೆ ಸಿಗುವ ಮರ್ಯಾದೆ ಕೂಲಿ ಮಾಡಿದ ನಮ್ಮ ಆಯಿಯ ಸುಕ್ಕಿಗೆ ಯಾಕಿಲ್ಲ? ಬೆಳ್ಳಗಿದ್ದರೇ ಚೆಂದ ಅನ್ನುವ ರೋಗವನ್ನು ಸತ್ತವರ ಮುಖಕ್ಕೂ ಬಳಿಯುತ್ತಿದ್ದೇವೆ. ಆಯಿಯನ್ನು ಕಣ್ಣಾರೆ ಕಾಣದ ಮರಿಮಕ್ಕಳಿಗೆ ಗೋಡೆಯ ಮೇಲಿನ ಆ ಫೋಟೊವೇ ಆಯಿ. ಅದೂ ಸುಳ್ಳಾದರೆ ಅವರಿಗೆ ಉಳಿಯುವುದೇನು?

ಅದಕ್ಕೇ ಸಾವಿನ ದಿನದ ಗಡಿಬಿಡಿಗೆ ಬಿಡಬೇಡಿ. ಈ ವಾರವೇ ಮನೆಯ ಹಳೇ ಫೋಟೊ ಇಳಿಸಿ. ಗಾಜಿಗೆ ಅಂಟಿದ್ದರೆ ಕೀಳಬೇಡಿ, ಗಾಜಿನ ಮೇಲಿಂದಲೇ ತೆಗೆಯಿರಿ. ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ, ಮೊಬೈಲ್ ನೇರ ಹಿಡಿಯಿರಿ. ವಾಟ್ಸಾಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಎಂದು ಕಳಿಸಿ, ಇಲ್ಲದಿದ್ದರೆ ಫೋಟೊ ಕುಗ್ಗುತ್ತದೆ. ಮೂಲ ಫೋಟೊ ಎಸೆಯಬೇಡಿ. ಫೋಟೊದಲ್ಲಿ ಇರುವವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಹೆಸರು, ಊರು ಬರೆದಿಡಿ.

ಸ್ಟುಡಿಯೊಗೆ ಹೋದಾಗ ಒಂದೇ ಮಾತು ಹೇಳಿ: "ಸುಕ್ಕು ಇರಲಿ, ಹಚ್ಚೆ ಇರಲಿ, ಬೆಳಕು-ನೆರಳು ಅಷ್ಟೇ ಸರಿ ಮಾಡ್ರಿ."