ಸೋರದ ರೇಡಿಯೇಟರ್ ಬಿಚ್ಚಿದ್ದಕ್ಕೆ

"ಸೋರ್ತಾ ಇದೆಯಾ?"
"ಇಲ್ಲ."
"ಬಿಸಿ ಆಗ್ತಾ ಇದೆಯಾ?"
"ಇಲ್ಲ."
"ಮತ್ತೆ ಯಾಕೆ ಬಿಚ್ಚಬೇಕು?"

ಕಳೆದ ತಿಂಗಳು ಇದೇ ಪ್ರಶ್ನೆಗಳನ್ನ ಮೂರು ಜನ ಕೇಳಿದರು. ಒಬ್ಬ ನಮ್ಮ ಟೀಮಿನ ಆರ್ಕಿಟೆಕ್ಟ್. ಇನ್ನೊಬ್ಬ ಇಲ್ಲೇ ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನವನು. ಮೂರನೆಯವರು ತಿಪಟೂರಿನ ಹತ್ತಿರದ ನಮ್ಮೂರಿಂದ ವಾಟ್ಸಾಪ್ ಕಾಲ್‌ನಲ್ಲಿ ನಮ್ಮಪ್ಪ. ಅಪ್ಪನ ಪ್ರಶ್ನೆ ಬಗ್ಗೆ ನನಗೆ ಗೌರವ ಇದೆ. ಉಳಿದಿಬ್ಬರದ್ದರ ಬಗ್ಗೆ ಒಂಚೂರೂ ಇಲ್ಲ.

ಕಾರು 1999ರ ಮಾಜ್ದಾ ಮಿಯಾಟಾ. ಎರಡೇ ಸೀಟು, 1.8 ಲೀಟರ್ ಎಂಜಿನ್, ಬಟ್ಟೆಯ ಟಾಪು. ನನ್ನ ಕೈಗೆ ಬರೋ ಹೊತ್ತಿಗೆ ಮೂರು ಜನ ಓಡಿಸಿ ಬಿಟ್ಟಿದ್ದರು. ರೇಡಿಯೇಟರ್ ಮಾತ್ರ ಕಾರ್ಖಾನೆಯಿಂದ ಬಂದದ್ದೇ. ಅದರ ಮೇಲಿನ ಟ್ಯಾಂಕು ಹುಟ್ಟುವಾಗ ಕಪ್ಪು ಪ್ಲಾಸ್ಟಿಕ್, ನನ್ನದು ಹಳೇ ಕಾಫಿ ಕಲೆಯ ಬಣ್ಣಕ್ಕೆ ತಿರುಗಿತ್ತು. ಮಿಯಾಟಾ ಇಟ್ಕೊಂಡವರಿಗೆಲ್ಲ ಈ ಬಣ್ಣ ಗೊತ್ತು. ಇಷ್ಟು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗಾಗಿರುತ್ತೆ. ಮೊದಲು ತೊಟ್ಟು ತೊಟ್ಟು ಸೋರಿ ಮರ್ಯಾದೆಯಿಂದ ತಿಳಿಸುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಒಂದು ದಿನ ಉದ್ದಕ್ಕೆ ಸೀಳಿಬಿಡಬಹುದು.

ಅಪ್ಪನಿಗೆ ಗೊತ್ತಿದ್ದ ರೇಡಿಯೇಟರ್ ಬೇರೆ ಜಾತಿಯದು. ನಮ್ಮ ಟ್ರ್ಯಾಕ್ಟರಿನದು ತಾಮ್ರ, ಹಿತ್ತಾಳೆಯದು. ತೂತು ಬಿದ್ದರೆ ಬಿಚ್ಚಿ, ತಲೆ ಮೇಲೆ ಹೊತ್ತು ಬಸ್ ಹತ್ತಿಸಿ, ತಿಪಟೂರಲ್ಲಿ ಬೆಸುಗೆ ಹಾಕಿಸ್ಕೊಂಡು ಸಂಜೆಗೆ ವಾಪಸ್. ದಾರೀಲಿ ಸೋರಿದ್ರೆ ಕೊಡದಲ್ಲಿ ನೀರು ಹುಯ್ಕೊಂಡು ಮನೆ ಸೇರೋದು. ಅಂಥ ವಸ್ತುವಿಗೆ "ಸೋರಿದಾಗ ನೋಡ್ಕೊಳೋಣ" ಅನ್ನೋದು ಸೋಮಾರಿತನ ಅಲ್ಲ, ಸರಿಯಾದ ಲೆಕ್ಕಾಚಾರ. ಈಗಿನ ರೇಡಿಯೇಟರಿಗೆ ಅಲ್ಯುಮಿನಿಯಂ ಮೈ, ಪ್ಲಾಸ್ಟಿಕ್ ಟ್ಯಾಂಕು, ಎರಡರ ನಡುವೆ ಒಂದು ರಬ್ಬರ್ ಪಟ್ಟಿ, ಸುತ್ತ ಮಡಚಿ ಒತ್ತಿದ ಅಂಚು. ಬಿರುಕು ಬಿಟ್ಟ ಪ್ಲಾಸ್ಟಿಕ್‌ಗೆ ಯಾರು ಬೆಸುಗೆ ಹಾಕ್ತಾರೆ?

ಅಪ್ಪನಿಗೆ ಇದನ್ನ ಹೇಳಿದೆ, ಒಂದೇ ನಿಮಿಷದಲ್ಲಿ ಅರ್ಥ ಆಯ್ತು. ನನ್ನ ಜಗಳ ಇರೋದು ನಮ್ಮಂಥವರ ಜೊತೆ. ನಾವು ಬಿಇ ಮಾಡಿದೋರು. "ಓಡ್ತಿರೋ ಕೋಡ್ ಮುಟ್ಟಬೇಡ" ಅನ್ನೋದನ್ನ ವೇದವಾಕ್ಯ ಮಾಡ್ಕೊಂಡು, ಡ್ಯಾಶ್‌ಬೋರ್ಡ್ ಹಸಿರಾಗಿದ್ರೆ ಮನೆಗೆ ಹೋಗಿ ಮಲಗೋ ಜನ. ಕಾರಲ್ಲೂ ಅದೇ ಚಾಳಿ: "ಮುಳ್ಳು ಮಧ್ಯದಲ್ಲಿದೆಯಲ್ಲ ಗುರೂ!"

ಸ್ವಾಮಿ, ಆ ಮುಳ್ಳು ಮಧ್ಯದಲ್ಲಿ ಇರೋ ಹಾಗೆ ಮಾಡಿರೋದೇ ನಿಮ್ಮ ಸಮಾಧಾನಕ್ಕೆ. ಇವತ್ತಿನ ಎಷ್ಟೋ ಕಾರುಗಳಲ್ಲಿ ಶಾಖ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ಅಲ್ಲಾಡಲ್ಲ. ಅಲ್ಲಾಡಿದರೆ ಗಿರಾಕಿ ಗಾಬರಿಯಾಗಿ ಶೋರೂಮಿಗೆ ಓಡಿ ಬರ್ತಾನೆ ಅಂತ.

ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದ್ದು. ನನ್ನ ಗೆಳೆಯನೊಬ್ಬನ ಹತ್ರ ಇದೇ ವಯಸ್ಸಿನ ಮಿಯಾಟಾ ಇತ್ತು. ಜುಲೈ ತಿಂಗಳು, ಲಾಸ್ ವೇಗಸ್‌ಗೆ ಹೊರಟಿದ್ದ. ಐ-15 ಹೆದ್ದಾರಿಯಲ್ಲಿ ಬೇಕರ್ ದಾಟಿದ ಮೇಲೆ ಮರುಭೂಮಿಯ ನಡುವೆ ಉದ್ದನೆಯ ಏರು. ಎಂಜಿನ್ ಕಾಯದಿರಲಿ, ಎಸಿ ಆರಿಸಿ ಅಂತ ಸರ್ಕಾರವೇ ಅಲ್ಲಿ ಬೋರ್ಡು ಹಾಕಿದೆ. ರೇಡಿಯೇಟರಿಗೆ ಅಂತಲೇ ರಸ್ತೆ ಪಕ್ಕ ನೀರಿನ ಟ್ಯಾಂಕು ಇಟ್ಟಿರೋ ದಾರಿ ಅದು. ಏರಿನ ಅರ್ಧಕ್ಕೆ ಸಿಹಿ ಸಿಹಿ ವಾಸನೆ, ಬಾನೆಟ್ ಸಂದಿಯಲ್ಲಿ ಹಬೆ. ಮುಳ್ಳು ಮೇಲೇರಿತು, ಆಮೇಲೆ ಕೆಳಗಿಳೀತು. ತಣ್ಣಗಾಯ್ತು ಅಂದ್ಕೊಂಡು ಇನ್ನೂ ಮೂರು ಮೈಲಿ ಓಡಿಸಿದ. ಶಾಖ ಅಳೆಯೋ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ನಿಜ ಹೇಳುತ್ತೆ. ನೀರೆಲ್ಲ ರಸ್ತೆಗೆ ಹೋದ ಮೇಲೆ ಅದು ಬರೀ ಗಾಳಿ, ಹಬೆ ಅಳೀತಾ ಕೂತಿತ್ತು. ಅಲ್ಯುಮಿನಿಯಂ ಹೆಡ್ ಸೊಟ್ಟಗಾಯ್ತು, ಗ್ಯಾಸ್ಕೆಟ್ ಹೋಯ್ತು. ರಿಪೇರಿಗೆ ಹೇಳಿದ ದುಡ್ಡು ಕಾರಿನ ಬೆಲೆ ಮೀರಿತ್ತು, ಗುಜರಿಗೆ ಹಾಕಿದ. ಅದೇ ಕಾರಿಗೆ ಹೊಸ ಚಕ್ರ, ಹೊಸ ಸೈಲೆನ್ಸರ್ ಎಲ್ಲ ಬಂದಿತ್ತು. ಫೋಟೋದಲ್ಲಿ ಕಾಣುತ್ತಲ್ಲ! ನನ್ನ ರೇಡಿಯೇಟರಿಗೆ ಬಿದ್ದದ್ದು 200 ಡಾಲರಿಗಿಂತ ಕಡಿಮೆ.

ಕೆಲಸವೇನೂ ಬ್ರಹ್ಮವಿದ್ಯೆ ಅಲ್ಲ. ಎಂಜಿನ್ ಪೂರ್ತಿ ತಣ್ಣಗಾಗಬೇಕು, ಬಿಸಿ ಇರುವಾಗ ಮುಚ್ಚಳ ತೆಗೆದರೆ ಮುಖ ಸುಡುತ್ತೆ. ಅಡಿಯ ತಟ್ಟೆ ಬಿಚ್ಚಿ ಹಳೇ ಕೂಲಂಟ್ ಇಳಿಸಬೇಕು. ಪೈಪು, ಎರಡು ಫ್ಯಾನು, ನಾಲ್ಕಾರು ಬೋಲ್ಟು. ಪೈಪುಗಳಿಗೂ ಅಷ್ಟೇ ವಯಸ್ಸಾಗಿರುತ್ತೆ, ಥರ್ಮೋಸ್ಟ್ಯಾಟಿಗೂ ಕೂಡ, ಜೊತೆಗೇ ಬದಲಾಯಿಸಿ. ಕಷ್ಟ ಇರೋದು ತುಂಬುವಾಗ. ಸುಮಾರು 6 ಲೀಟರ್ ಹಿಡಿಯುತ್ತೆ, ಎಂಜಿನ್ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತೆ. ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಮುಚ್ಚಳ ಹಾಕದೆ ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿ, ಗುಳ್ಳೆ ನಿಲ್ಲೋವರೆಗೂ ಕಾದು ಕಾದು ತುಂಬಬೇಕು. ನನಗೆ ಮುಕ್ಕಾಲು ಗಂಟೆ ಹಿಡೀತು.

ನೀರಿನ ವಿಷಯಕ್ಕೂ ಇದೇ ಗಾಂಪರ ಗುಂಪು ಬರುತ್ತೆ. "ಶಾಖ ಹೊರೋದರಲ್ಲಿ ಬರೀ ನೀರೇ ಮೇಲು." ನಿಜ, ಮೇಲು. ಆದರೆ ಬರೀ ನೀರು ಬೇಗ ಕುದಿಯುತ್ತೆ, ಲೋಹ ತಿನ್ನುತ್ತೆ. ನಲ್ಲಿ ನೀರಾದರೆ ಸುಣ್ಣದ ಹಕ್ಕಳೆ ಬೇರೆ ಕಟ್ಟುತ್ತೆ, ನಿಮ್ಮ ಗೀಸರ್ ಒಳಗೆ ಕಟ್ಟೋ ಹಾಗೇ. ಡಿಸ್ಟಿಲ್ಡ್ ನೀರು ಅರ್ಧ, ಕೂಲಂಟ್ ಅರ್ಧ. ಬಣ್ಣ ನೋಡಿ ಕೊಳ್ಳಬೇಡಿ, ಹಸಿರು ಕೆಂಪು ಎಲ್ಲ ಬರೀ ಬಣ್ಣ. ತುಕ್ಕು ತಡೆಯೋ ರಾಸಾಯನಿಕ ಯಾವುದು ಅಂತ ಡಬ್ಬಿ ಮೇಲೆ ಓದಿ. ಬಣ್ಣ ಹೊಳೀತಾ ಇದ್ದರೂ ಆ ರಾಸಾಯನಿಕ ವರ್ಷಗಳಲ್ಲಿ ಸವೆದು ಹೋಗಿರುತ್ತೆ. ಅದೂ ಕಣ್ಣಿಗೆ ಕಾಣಲ್ಲ.

ಆ ಹಳೇ 6 ಲೀಟರ್ ಏನಾಯ್ತು ಅಂತ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಗ್ಯಾರೇಜಿನವನು ತಾನಾಗೇ ಮೆಲ್ಲಗೆ ಹೇಳಿದ, "ಚರಂಡಿಗೆ ಬಿಡಿ, ನೀರು ಹುಯ್ದುಬಿಡಿ." ಇಲ್ಲಿ ಮಳೆನೀರಿನ ಚರಂಡಿ ಶುದ್ಧೀಕರಣಕ್ಕೆ ಹೋಗಲ್ಲ, ನೇರ ಹಳ್ಳಕ್ಕೆ, ಅಲ್ಲಿಂದ ಸಮುದ್ರಕ್ಕೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ ನೆಕ್ಕಿದರೆ ಮೂತ್ರಪಿಂಡದಲ್ಲಿ ಹರಳು ಕಟ್ಟಿ, ನರಳಿ ಸಾಯುತ್ತೆ. ಪುಟ್ಟ ಮಗುವಿಗೂ ಅದೇ ಗತಿ. ಅದಕ್ಕೇ ಆಂಟಿಫ್ರೀಜ್‌ಗೆ ಕಹಿ ಬೆರೆಸಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ. ಬೆಂಗಳೂರಲ್ಲಿ ಕಾರು ಇಟ್ಕೊಂಡಿರೋ ನೀವೂ ಮುಂದಿನ ಸರ್ವೀಸಿನಲ್ಲಿ ಒಂದು ಮಾತು ಕೇಳಿ, "ಹಳೇದನ್ನ ಎಲ್ಲಿ ಚೆಲ್ತೀರಿ?" ಉತ್ತರಕ್ಕಿಂತ ಅವರ ಮುಖ ನೋಡಿ. ನಾನು ಎರಡು ಕ್ಯಾನಲ್ಲಿ ತುಂಬಿ, ಚೀಟಿ ಅಂಟಿಸಿ, ಶನಿವಾರ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟು ಬಂದೆ. ಕ್ಯೂನಲ್ಲಿ ಇಪ್ಪತ್ತು ನಿಮಿಷ, ದುಡ್ಡು ಒಂದು ಪೈಸೆಯೂ ಇಲ್ಲ.

ಅವತ್ತು ರಾತ್ರಿ ವಿಡಿಯೋ ಕಾಲ್‌ನಲ್ಲಿ ಹಳೇ ರೇಡಿಯೇಟರ್ ಅಪ್ಪನಿಗೆ ತೋರಿಸಿದೆ. ಪೈಪು ಕೂರೋ ಕತ್ತಿನ ಹತ್ರ ಸ್ಕ್ರೂಡ್ರೈವರ್ ಇಟ್ಟು ಸುಮ್ನೆ ಒತ್ತಿದೆ. ಚಟ್ ಅಂತ ಮುರಿದು ಬಂತು, ಒಳಗೆಲ್ಲ ಹಳದಿ ಪುಡಿ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹೊಸದೂ ಪ್ಲಾಸ್ಟಿಕ್ಕೇ ಏನ್ಲಾ?"

"ಹ್ಞೂಂ ಕಣಪ್ಪ. ಈ ಸಲ ಹತ್ತು ವರ್ಷಕ್ಕೇ ಬದಲಾಯಿಸ್ತೀನಿ."

"ತಾಮ್ರದ್ದು ಸಿಗ್ತದಾ ಕೇಳು," ಅಂದರು.