ನೆನೆದರೆ ಸಾಕೇ, ಋಣ ತೀರಿಸಬೇಡವೇ? ಕೆನಡಾದ ಮೂಲನಿವಾಸಿಗಳ ಭೂಮಿ ಪ್ರಶ್ನೆ

ಕೆನಡಾದಲ್ಲಿ ಇಂದು ನಗರಸಭೆಯ ಬೈಠಕ್ ಇರಲಿ, ಶಾಲೆಯ ಸಮಾರಂಭವಿರಲಿ, ಬಹಳ ಕಡೆ ಮೊದಲು ಕೇಳಿಬರುವುದು ಒಂದು ಪುಟ್ಟ ಹೇಳಿಕೆ. ‘ನಾವು ಸೇರಿರುವ ಈ ಜಾಗ ಇಂಥ ಮೂಲನಿವಾಸಿ ಜನಾಂಗದ ಪಾರಂಪರಿಕ ನೆಲ’ ಎಂದು ಸಭೆ ನಡೆಸುವವರು ಓದುತ್ತಾರೆ. ಕೆಲವು ಊರುಗಳಲ್ಲಿ ‘ಅವರು ಎಂದೂ ಬಿಟ್ಟುಕೊಡದ ನೆಲ’ ಎಂಬ ಮಾತೂ ಸೇರುತ್ತದೆ. ಆ ಬಳಿಕ ರಸ್ತೆ, ನೀರು, ತೆರಿಗೆಯ ಚರ್ಚೆ ಎಂದಿನಂತೆ ಸಾಗುತ್ತದೆ. ಈ ನೆಲದ ಸ್ಮರಣೆಗೆ ಒಂದು ನಿಮಿಷವೂ ಬೇಕಾಗದು. ಆದರೆ ಆ ಮಾತು ನಿಜವೇ ಆಗಿದ್ದರೆ ಜಾಗದ ಒಡೆಯರು ಯಾರು ಎಂಬ ಪ್ರಶ್ನೆ ಈಗ ಅಲ್ಲಿನ ನ್ಯಾಯಾಲಯಗಳ ಮುಂದಿದೆ. ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಕೆನಡಾದಲ್ಲಿ ನೆಲೆಸಿ, ಬ್ಯಾಂಕ್ ಸಾಲ ಮಾಡಿ ಮನೆ ಕೊಂಡಿದ್ದಾರೆ. ಆದ್ದರಿಂದ ಈ ವಿಚಾರ ನಮಗೆ ತೀರಾ ದೂರದ್ದೇನಲ್ಲ.

ಸ್ಮರಣೆ ಬಂದದ್ದು ಎಲ್ಲಿಂದ?

ವ್ಯಾಂಕೂವರ್ ನಗರಸಭೆ 2014ರ ಜೂನ್‌ನಲ್ಲಿ ನಿರ್ಣಯ ಕೈಗೊಂಡು, ತನ್ನ ನಗರವು ಮಸ್ಕ್ವಿಯಂ, ಸ್ಕ್ವಾಮಿಶ್ ಮತ್ತು ಸ್ಲೇವಾಟೂತ್ ಜನಾಂಗಗಳು ಬಿಟ್ಟುಕೊಡದ ನೆಲದ ಮೇಲಿದೆ ಎಂದು ಒಪ್ಪಿಕೊಂಡಿತು. ಮರುವರ್ಷ, 2015ರಲ್ಲಿ, ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಇಟ್ಟ ವಸತಿ ಶಾಲೆಗಳ ಬಗ್ಗೆ ತನಿಖೆ ನಡೆಸಿದ ಸತ್ಯ ಮತ್ತು ಸಂಧಾನ ಆಯೋಗ 94 ಶಿಫಾರಸುಗಳನ್ನು ಮುಂದಿಟ್ಟಿತು. ಈ ಶಾಲೆಗಳಲ್ಲಿ ಬಹಳಷ್ಟನ್ನು ನಡೆಸಿದ್ದು ಕಥೋಲಿಕ ಸಂಸ್ಥೆಗಳು ಎಂಬುದನ್ನು ನಾವು ಮರೆಯುವಂತಿಲ್ಲ. ಆಯೋಗದ ವರದಿಯ ನಂತರ ನೆಲದ ಸ್ಮರಣೆ ಊರೂರಿಗೂ ಹಬ್ಬಿತು. ಕುತೂಹಲದ ಸಂಗತಿಯೆಂದರೆ, ಇಂಥ ಹೇಳಿಕೆ ಓದಬೇಕೆಂದು ಆ 94ರಲ್ಲಿ ಎಲ್ಲಿಯೂ ಹೇಳಿಲ್ಲ. ಖರ್ಚಿಲ್ಲದ ಕೆಲಸ ಬೇಗ ಹಬ್ಬಿತು, ಖರ್ಚಿನ ಕೆಲಸ ಹಿಂದುಳಿಯಿತು ಎಂದು ಮೂಲನಿವಾಸಿ ಮುಖಂಡರಲ್ಲಿ ಹಲವರು ದೂರುವುದು ಈ ಕಾರಣಕ್ಕಾಗಿಯೇ.

ಬಾಯಿಮಾತಿಗೂ ತೂಕವುಂಟು ಎಂಬುದು ಸರಕಾರಗಳಿಗೆ ತಿಳಿಯದ್ದೇನಲ್ಲ. ವೊಲಾಸ್ಟೊಕ್ವೇ ಜನಾಂಗದವರು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ವಿಶಾಲ ಪ್ರದೇಶದ ಮೇಲೆ ದಾವೆ ಹೂಡಿದಾಗ, 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಟಾರ್ನಿ ಜನರಲ್ ತಮ್ಮ ಸರಕಾರದ ನೌಕರರಿಗೆ ‘ಬಿಟ್ಟುಕೊಡದ ನೆಲ’ ಎಂಬ ಮಾತನ್ನು ಬಳಸದಂತೆ ಸೂಚನೆ ಹೊರಡಿಸಿದರು. ಸಭೆಯಲ್ಲಿ ಹೇಳಲು ಚೆಂದವಾಗಿದ್ದ ಮಾತು ಕೋರ್ಟಿನಲ್ಲಿ ತೊಡಕಾದೀತೆಂಬ ಅಂಜಿಕೆ ಅದು.

ಕಾನೂನು ಏನನ್ನುತ್ತದೆ?

1763ರಲ್ಲೇ ಬ್ರಿಟಿಷ್ ದೊರೆ ಮೂರನೇ ಜಾರ್ಜ್, ಮೂಲನಿವಾಸಿಗಳ ಭೂಮಿಯನ್ನು ಖಾಸಗಿಯವರು ಕೊಳ್ಳುವಂತಿಲ್ಲ, ಅವರೊಡನೆ ಕರಾರು ಮಾಡಿಕೊಂಡು ಸರಕಾರವೇ ಪಡೆಯಬೇಕು ಎಂದು ಘೋಷಿಸಿದ್ದ. ದೇಶದ ಬಹುಭಾಗದಲ್ಲಿ ನ್ಯಾಯವಾಗಿಯೋ ಅನ್ಯಾಯವಾಗಿಯೋ ಅಂಥ ಕರಾರುಗಳಾದವು. ಬ್ರಿಟಿಷ್ ಕೊಲಂಬಿಯಾದಲ್ಲಿ ಮಾತ್ರ, ವ್ಯಾಂಕೂವರ್ ದ್ವೀಪದ 14 ಸಣ್ಣ ಒಪ್ಪಂದಗಳು ಮತ್ತು ಈಶಾನ್ಯದ ಒಂದು ಭಾಗ ಬಿಟ್ಟರೆ, ಯಾವ ಕರಾರೂ ಇಲ್ಲದೆ ಭೂಮಿಯನ್ನು ವಲಸಿಗರಿಗೆ ಹಂಚಲಾಯಿತು. ಇದನ್ನು ಪ್ರಶ್ನಿಸಲು ಮೂಲನಿವಾಸಿಗಳಿಗೆ ದಾರಿಯೂ ಇರಲಿಲ್ಲ. ಭೂಮಿಯ ದಾವೆಗಾಗಿ ಹಣ ಸಂಗ್ರಹಿಸುವುದನ್ನೂ ವಕೀಲರನ್ನು ನೇಮಿಸುವುದನ್ನೂ 1927ರಿಂದ 1951ರವರೆಗೆ ಕಾನೂನೇ ತಡೆದಿತ್ತು. ‘ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಬಂದರು?’ ಎಂದು ಕೇಳುವವರು ಇದನ್ನು ತಿಳಿದಿರಬೇಕು.

1973ರ ಕಾಲ್ಡರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೂಲನಿವಾಸಿ ಭೂಸ್ವಾಮ್ಯ ಎಂಬುದೊಂದು ಕಾನೂನಿನಲ್ಲಿ ಉಂಟು ಎಂದು ಮೊದಲ ಬಾರಿಗೆ ಒಪ್ಪಿತು. 1982ರ ಸಂವಿಧಾನದ 35ನೇ ವಿಧಿ ಅವರ ಹಕ್ಕುಗಳಿಗೆ ರಕ್ಷಣೆ ನೀಡಿತು. 1997ರ ಡೆಲ್ಗಮೂಕ್ ತೀರ್ಪು, ಅಜ್ಜಂದಿರಿಂದ ಬಂದ ಬಾಯಿಮಾತಿನ ಚರಿತ್ರೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬೇಕೆಂದಿತು. 2014ರ ಜೂನ್ 26ರಂದು ಚಿಲ್‌ಕೋಟಿನ್ ಜನಾಂಗಕ್ಕೆ ಸುಮಾರು 1,750 ಚದರ ಕಿಲೋಮೀಟರ್ ನೆಲದ ಒಡೆತನವನ್ನು ಸುಪ್ರೀಂ ಕೋರ್ಟು ಘೋಷಿಸಿತು. ಅದೆಲ್ಲ ಬಹುತೇಕ ಕಾಡು ಪ್ರದೇಶವಾದ್ದರಿಂದ ನಗರವಾಸಿಗಳು ತಲೆ ಕೆಡಿಸಿಕೊಳ್ಳಲಿಲ್ಲ.

ರಿಚ್ಮಂಡ್ ನಗರದ ಆತಂಕ

2025ರ ಆಗಸ್ಟ್ 7ರಂದು ಪರಿಸ್ಥಿತಿ ಬದಲಾಯಿತು. 513 ದಿನಗಳ ವಿಚಾರಣೆಯ ನಂತರ ಬ್ರಿಟಿಷ್ ಕೊಲಂಬಿಯಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಾರ್ಬರಾ ಯಂಗ್, ವ್ಯಾಂಕೂವರ್ ಪಕ್ಕದ ರಿಚ್ಮಂಡ್ ನಗರದ ಸುಮಾರು 800 ಎಕರೆ ಜಾಗದ ಮೇಲೆ ಕೌವಿಚನ್ ಜನಾಂಗಕ್ಕೆ ಮೂಲನಿವಾಸಿ ಭೂಸ್ವಾಮ್ಯವಿದೆ ಎಂದು ತೀರ್ಪಿತ್ತರು. ಒಂದು ಕಾಲದಲ್ಲಿ ಫ್ರೇಸರ್ ನದಿಯಲ್ಲಿ ಮೀನು ಹಿಡಿಯಲು ಅವರು ಬಂದು ನೆಲೆಸುತ್ತಿದ್ದ ಹಳ್ಳಿ ಅಲ್ಲಿತ್ತು. ಕೇಂದ್ರ ಸರಕಾರ ಹಾಗೂ ನಗರಸಭೆಯ ಹೆಸರಿನಲ್ಲಿದ್ದ ಕೆಲವು ಜಾಗಗಳ ಹಕ್ಕುಪತ್ರ ಅಸಿಂಧುವೆಂದ ನ್ಯಾಯಾಲಯ, ಆ ಭಾಗವನ್ನು 18 ತಿಂಗಳ ಮಟ್ಟಿಗೆ ತಡೆಹಿಡಿಯಿತು. ಆ ಪ್ರದೇಶದಲ್ಲಿ ಖಾಸಗಿಯವರ ಮನೆ, ತೋಟಗಳೂ ಇವೆ. ಅಕ್ಟೋಬರ್‌ನಲ್ಲಿ ಮೇಯರ್ ಅವರು ನಿಮ್ಮ ಒಡೆತನಕ್ಕೂ ಧಕ್ಕೆ ಬರಬಹುದೆಂದು ಆಸ್ತಿ ಮಾಲಕರಿಗೆ ಪತ್ರ ಬರೆದಾಗ ಜನ ಕಂಗಾಲಾದರು.

ಇಲ್ಲಿ ಕೆಲವು ಸಂಗತಿಗಳನ್ನು ನಾವು ಬಿಡಿಸಿ ನೋಡಬೇಕು. ಖಾಸಗಿ ಮನೆಗಳ ಹಕ್ಕುಪತ್ರ ರದ್ದು ಮಾಡಬೇಕೆಂದು ಕೌವಿಚನ್ ಜನಾಂಗದವರು ಕೇಳಿಯೇ ಇರಲಿಲ್ಲ. ಆ ಜಾಗಗಳ ವಿಷಯದಲ್ಲಿ ಸದ್ಭಾವನೆಯಿಂದ ಮಾತುಕತೆ ನಡೆಸುವ ಹೊಣೆಯನ್ನು ನ್ಯಾಯಾಲಯ ಹೊರಿಸಿದ್ದು ಸರಕಾರದ ಮೇಲೆ. ತೀರ್ಪಿನ ವಿರುದ್ಧ ಎರಡೂ ಸರಕಾರಗಳು, ನಗರಸಭೆ ಮತ್ತು ಎದುರು ಪಕ್ಷದಲ್ಲಿದ್ದ ಮಸ್ಕ್ವಿಯಂ, ಸವಾಸನ್ ಜನಾಂಗಗಳು ಮೇಲ್ಮನವಿಗೆ ಹೋಗಿವೆ. ಅಂದರೆ ಮೂಲನಿವಾಸಿಗಳೆಲ್ಲ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ ಎಂಬ ಸರಳ ಚಿತ್ರ ಇದಲ್ಲ. ಇತ್ತ ನ್ಯೂ ಬ್ರನ್ಸ್‌ವಿಕ್ ಮೇಲ್ಮನವಿ ನ್ಯಾಯಾಲಯವು 2025ರ ಡಿಸೆಂಬರ್‌ನಲ್ಲಿ, ಖಾಸಗಿ ಜಮೀನನ್ನು ಇಂಥ ಘೋಷಣೆಗೆ ಒಳಪಡಿಸಲಾಗದೆಂದು ಹೇಳಿದೆ. ಎರಡು ಪ್ರಾಂತ್ಯಗಳ ನ್ಯಾಯಾಲಯಗಳು ಎರಡು ದಾರಿ ಹಿಡಿದಿವೆ.

ನಮ್ಮ ಅಭಿಪ್ರಾಯದಲ್ಲಿ ತಪ್ಪಿರುವುದು ಮನೆ ಕೊಂಡವರದ್ದೂ ಅಲ್ಲ, ನ್ಯಾಯ ಕೇಳಿದವರದ್ದೂ ಅಲ್ಲ. ತನ್ನದಲ್ಲದ ಜಾಗವನ್ನು ಮಾರಿ, ನೂರೈವತ್ತು ವರ್ಷ ಮಾತುಕತೆಗೆ ಕುಳಿತುಕೊಳ್ಳದೆ ಮುಂದೂಡಿದ ಸರಕಾರಗಳ ತಪ್ಪು ಅದು. ನಗರಸಭೆಗಳ ನೆಲದ ಸ್ಮರಣೆ ಆ ಸಾಲವನ್ನು ನೆನಪಿಸಿತೇ ಹೊರತು ಒಂದು ಕಂತನ್ನೂ ಕಟ್ಟಲಿಲ್ಲ. ಕೂತು ಮಾತಾಡಿದರೆ ದಾರಿ ಸಿಗುತ್ತದೆ ಎಂಬುದಕ್ಕೆ ಹೈಡಾ ಜನಾಂಗದ ಉದಾಹರಣೆ ಇದೆ. 2024ರ ಏಪ್ರಿಲ್‌ನಲ್ಲಿ ಪ್ರಾಂತ್ಯ ಸರಕಾರವು ಹೈಡಾ ಗ್ವಾಯ್ ದ್ವೀಪಸಮೂಹದ ಭೂಸ್ವಾಮ್ಯ ಹೈಡಾ ಜನರದ್ದೆಂದು ಕರಾರಿನ ಮೂಲಕ ಒಪ್ಪಿತು. ಖಾಸಗಿ ಮನೆ ಜಮೀನುಗಳು ಇದ್ದಂತೆಯೇ ಉಳಿಯಲೆಂದು ಹೈಡಾ ಜನರೂ ಒಪ್ಪಿದರು. ಯಾರೂ ಮನೆ ಖಾಲಿ ಮಾಡಬೇಕಾಗಲಿಲ್ಲ.

ಧರ್ಮಸಭೆಗೂ ಪಾಠ

ಈ ಕಥೆಯಲ್ಲಿ ಧರ್ಮಸಭೆಯ ಪಾಲೂ ಇದೆ. 1452, 1455 ಮತ್ತು 1493ರ ಪೋಪರ ಆಜ್ಞಾಪತ್ರಗಳನ್ನು ಮುಂದಿಟ್ಟುಕೊಂಡೇ ಯುರೋಪಿನ ದೊರೆಗಳು, ಕ್ರೈಸ್ತರಲ್ಲದವರ ನಾಡನ್ನು ಕಂಡವರೇ ಅದರ ಒಡೆಯರು ಎಂಬ ವಾದ ಕಟ್ಟಿದರು. ನಮ್ಮ ಕರಾವಳಿಯ ಚರಿತ್ರೆಯಲ್ಲಿ ಬರುವ ಪೋರ್ಚುಗೀಸರ ಪದ್ರೊವಾದೊ ವ್ಯವಸ್ಥೆಯ ಬೇರೂ ಇಂಥ ಆಜ್ಞಾಪತ್ರಗಳಲ್ಲಿದೆ. 1537ರಲ್ಲಿ ಪೋಪ್ ಮೂರನೇ ಪಾವ್ಲ್ ಮೂಲನಿವಾಸಿಗಳ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಬಾರದೆಂದು ಸಾರಿದರೂ ಅದನ್ನು ಕೇಳಿದವರು ಕಡಿಮೆ. 2022ರ ಜುಲೈಯಲ್ಲಿ ದಿವಂಗತ ಪೋಪ್ ಫ್ರಾನ್ಸಿಸ್ ಕೆನಡಾಕ್ಕೆ ಹೋಗಿ ವಸತಿ ಶಾಲೆಗಳಲ್ಲಿ ನಡೆದ ಕೆಡುಕಿಗಾಗಿ ಕ್ಷಮೆ ಯಾಚಿಸಿದರು. 2023ರ ಮಾರ್ಚ್ 30ರಂದು ವ್ಯಾಟಿಕನ್ ಆ ಹಳೆಯ ವಾದವನ್ನು ಬಹಿರಂಗವಾಗಿ ತಳ್ಳಿಹಾಕಿತು.

ಪಾಪನಿವೇದನೆಯ ಸಂಸ್ಕಾರವನ್ನು ಬಲ್ಲ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕದ್ದದ್ದನ್ನು ಒಪ್ಪಿಕೊಂಡರೆ ಸಾಲದು, ಹಿಂದಿರುಗಿಸಲೂಬೇಕು. ಜಕ್ಕಾಯನು ಮರದಿಂದ ಇಳಿದು ಬಂದ ದಿನ ವಂಚಿಸಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಎಷ್ಟು ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಎಂಬುದನ್ನು ಕೆನಡಾದವರು ಕೂತು ತೀರ್ಮಾನಿಸಲಿ. ಅಲ್ಲಿರುವ ನಮ್ಮ ಬಂಧುಗಳು ವಾಟ್ಸಾಪಿನ ಗಾಳಿಸುದ್ದಿಗೆ ಹೆದರಿ ಮೂಲನಿವಾಸಿ ನೆರೆಯವರನ್ನು ವೈರಿಗಳೆಂದು ಕಾಣದಿರಲಿ. ತಮ್ಮ ನಗರಸಭೆಯಲ್ಲಿ ಮುಂದಿನ ಸಲ ಆ ಪುಟ್ಟ ಹೇಳಿಕೆ ಓದಿದಾಗ, ‘ಮಾತುಕತೆ ಎಲ್ಲಿಗೆ ಬಂತು?’ ಎಂದು ಎದ್ದು ನಿಂತು ಕೇಳುವ ಹಕ್ಕು ತೆರಿಗೆ ಕಟ್ಟುವ ಅವರಿಗೂ ಇದೆ.