ಬೀಡಿ ಬಿಡಲು ಆ್ಯಪ್: ನೆರವು ಇದೆ, ದಾರಿ ಇಲ್ಲ

ಚಿಕ್ಕಬಳ್ಳಾಪುರ: ಬೀಡಿ, ಸಿಗರೇಟ್ ಕಟ್ಟುಗಳ ಮೇಲೆ 2018ರ ಸೆಪ್ಟೆಂಬರ್‌ನಿಂದ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆ ಮುದ್ರಣವಾಗುತ್ತಿದೆ. ತಂಬಾಕು ತ್ಯಜಿಸಬಯಸುವವರಿಗೆ ಆಪ್ತ ಸಮಾಲೋಚನೆ ಒದಗಿಸುವ ರಾಷ್ಟ್ರೀಯ ಸಹಾಯವಾಣಿ ಇದು. ಬಿಡಿಯಾಗಿ ಸಿಗರೇಟ್ ಮಾರುವುದಕ್ಕೆ ರಾಜ್ಯದಲ್ಲಿ ನಿಷೇಧವಿದ್ದರೂ ಪೆಟ್ಟಿಗೆ ಅಂಗಡಿಗಳಲ್ಲಿ ಒಂದು, ಎರಡು ಎಂದು ಕೊಳ್ಳುವ ರೂಢಿ ನಿಂತಿಲ್ಲ. ಹಾಗೆ ಕೊಂಡವನ ಕಣ್ಣಿಗೆ ಕಟ್ಟೂ ಬೀಳುವುದಿಲ್ಲ, ಸಂಖ್ಯೆಯೂ ಬೀಳುವುದಿಲ್ಲ.

ಧೂಮಪಾನಿಗಳನ್ನು ವ್ಯಸನಮುಕ್ತಿ ಸೇವೆಗಳಿಗೆ ತಲುಪಿಸುವ ಮೊಬೈಲ್ ಆ್ಯಪ್ ಹೇಗಿರಬೇಕು ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲೇ ನೋಡಬೇಕಾಗುತ್ತದೆ.

ಸೇವೆಗಳ ಕೊರತೆಯೇ ಸಮಸ್ಯೆಯಲ್ಲ

ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ 2016ರ ಮೇ ತಿಂಗಳಲ್ಲಿ ಆರಂಭವಾದ ಸಹಾಯವಾಣಿಗೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೈಜೋಡಿಸಿತು. ಕನ್ನಡ ಸೇರಿದಂತೆ ದಕ್ಷಿಣದ ಭಾಷೆಗಳಲ್ಲಿ ಮಾತನಾಡುವ ವ್ಯವಸ್ಥೆ ಅಲ್ಲಿಂದ ದೊರೆಯಿತು. ಮಿಸ್ಡ್ ಕಾಲ್ ಕೊಟ್ಟವರಿಗೆ ಎಸ್ಸೆಮ್ಮೆಸ್ ಮೂಲಕ ಸಲಹೆ ಕಳುಹಿಸುವ 'ಎಂ-ಸೆಸೇಷನ್' ಯೋಜನೆಯನ್ನೂ ಕೇಂದ್ರ ಸರ್ಕಾರ 2016ರಲ್ಲಿ ಜಾರಿಗೆ ತಂದಿತು.

ಇನ್ನೊಂದೆಡೆ ಕಾನೂನು ಬಿಗಿಯಾಗಿದೆ. 2025ರಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದ ರಾಜ್ಯದ ತಿದ್ದುಪಡಿಯು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನಕ್ಕೆ ಇದ್ದ 200 ರೂಪಾಯಿ ದಂಡವನ್ನು 1,000 ರೂಪಾಯಿಗೆ ಏರಿಸಿತು. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ನಿಗದಿಪಡಿಸಿತು. ದಂಡ ಧೂಮಪಾನಿಯನ್ನು ಹುಡುಕಿಕೊಂಡು ಬರುತ್ತದೆ, ನೆರವನ್ನು ಮಾತ್ರ ಆತನೇ ಹುಡುಕಬೇಕು ಎಂಬುದು ವಿಪರ್ಯಾಸ.

ನಾಲ್ಕು ಊರು, ಹಲವು ಲೆಕ್ಕ

ಜಿಲ್ಲೆಯ ಜನರಿಗೆ ಮೊಬೈಲ್ ವ್ಯವಹಾರ ಅಪರಿಚಿತವಲ್ಲ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ರೀಲರ್‌ಗಳು ಇ-ಹರಾಜಿಗೆ ಒಗ್ಗಿಕೊಂಡಿದ್ದಾರೆ. ಆದ್ದರಿಂದ ತೊಡಕು ಇರುವುದು ಆ್ಯಪ್ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ ಎಂಬುದರಲ್ಲಿ.

ಮೊದಲನೆಯದು ಭಾಷೆ. ಆಂಧ್ರದ ಗಡಿಗೆ ಹತ್ತಿರವಿರುವ ಚಿಂತಾಮಣಿ, ಗೌರಿಬಿದನೂರು ಭಾಗದಲ್ಲಿ ಅನೇಕರ ಮನೆಮಾತು ತೆಲುಗು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಉರ್ದು ಮಾತನಾಡುವವರು ಬಹಳ. ಓದಿಸುವ ಆ್ಯಪ್‌ಗಿಂತ ಈ ಮೂರೂ ಭಾಷೆಗಳಲ್ಲಿ ಮಾತನಾಡುವ ಆ್ಯಪ್ ಇಲ್ಲಿಗೆ ಹೊಂದುತ್ತದೆ.

ಎರಡನೆಯದು ಚಟದ ಸ್ವರೂಪ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ 8.8ರಷ್ಟು ವಯಸ್ಕರು ಧೂಮಪಾನಿಗಳು; ಹೊಗೆರಹಿತ ತಂಬಾಕು ಬಳಸುವವರು ಶೇ 16.3. ದೇಶದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಹೆಚ್ಚು. ಸಿಗರೇಟನ್ನು ಮಾತ್ರ ಎಣಿಸುವ ಆ್ಯಪ್‌ಗೆ ಬೀಡಿ ಸೇದುವವನು ಕಾಣುವುದಿಲ್ಲ. ಹೊಗೆಸೊಪ್ಪು, ಗುಟ್ಕಾ ಬಗ್ಗೆ ಕೇಳದಿದ್ದರೆ ಬೀಡಿ ಬಿಟ್ಟವನು ಅತ್ತ ತಿರುಗಿದ್ದೂ ತಿಳಿಯುವುದಿಲ್ಲ.

ಮೂರನೆಯದು ಸಮಯ. ಮಂಡಿಯ ಹಮಾಲಿಗೆ ಬಿಡುವಾಗುವ ಹೊತ್ತು ಬೇರೆ, ಗೌರಿಬಿದನೂರಿನ ಕಾರ್ಖಾನೆಯಲ್ಲಿ ಪಾಳಿ ದುಡಿಯುವವನದು ಬೇರೆ. 'ಈ ಹೊತ್ತಿಗೆ ನನಗೆ ಕರೆ ಮಾಡಿ' ಎಂದು ಒಂದೇ ಗುಂಡಿಯಲ್ಲಿ ತಿಳಿಸಲು ಸಾಧ್ಯವಾಗಬೇಕು. ಬಿಟ್ಟ ಮೊದಲ ವಾರದಲ್ಲೇ ಚಡಪಡಿಕೆ, ಸಿಡಿಮಿಡಿ, ನಿದ್ರಾಭಂಗ ತೀವ್ರವಾಗಿ ಕಾಡುವುದರಿಂದ ಆ ದಿನಗಳಲ್ಲಿ ಸಮಾಲೋಚಕರೇ ಮತ್ತೆ ಮತ್ತೆ ವಿಚಾರಿಸಬೇಕು. ಯಾವ ನೆರವೂ ಇಲ್ಲದೆ ಬಿಡುವ ಪ್ರಯತ್ನ ಮಾಡಿದವರಲ್ಲಿ ಯಶಸ್ವಿಯಾಗುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ ಎಂಬುದನ್ನು ಮರೆಯುವಂತಿಲ್ಲ.

ಔಷಧಿ ಸಿಗದಿದ್ದರೆ?

ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಎಸ್ಸೆಮ್ಮೆಸ್, ಆ್ಯಪ್‌ಗಳಿಗೂ ಸ್ಥಾನವಿದೆ. ಆದರೆ ಅದು ಒತ್ತು ನೀಡಿದ್ದು ಔಷಧಿ ಮತ್ತು ಸಮಾಲೋಚನೆ ಜತೆಗೂಡುವುದಕ್ಕೆ. ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ದೇಶದ ಅವಶ್ಯಕ ಔಷಧಿಗಳ ಪಟ್ಟಿಗೂ ಸೇರಿದೆ. ತಾಲ್ಲೂಕು ಆಸ್ಪತ್ರೆಯ ಯಾವ ಕೊಠಡಿಗೆ, ಯಾವ ದಿನ ಹೋಗಬೇಕು, ಔಷಧಿ ಇದೆಯೇ ಎಂಬುದನ್ನು ಆ್ಯಪ್ ತಿಳಿಸಬೇಕು. ಆ್ಯಪ್ ನಂಬಿ ಹೋದವನು ಬರಿಗೈಯಲ್ಲಿ ಮರಳಿದರೆ ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನಷ್ಟೇ ಅಲ್ಲ, ಬಿಡಬೇಕೆಂಬ ಮನಸ್ಸನ್ನೂ.

ಮನೆಮಂದಿಗೆಲ್ಲ ಒಂದೇ ಫೋನ್ ಇರುವಲ್ಲಿ ಗೋಪ್ಯತೆಯೂ ಮುಖ್ಯ. ಚಟವನ್ನು ಮುಚ್ಚಿಟ್ಟ ಮಹಿಳೆಗೆ, ಮಾಲೀಕನಿಗೆ ಹೆದರುವ ಕಾರ್ಮಿಕನಿಗೆ ಹೆಸರು ಬಯಲಾಗದೆಂಬ ಖಾತರಿ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಮಿಸ್ಡ್ ಕಾಲ್ ಮತ್ತು ಆಶಾ ಕಾರ್ಯಕರ್ತೆಯರ ದಾರಿ ತೆರೆದಿರಲೇಬೇಕು.

ಆ್ಯಪ್ ಎಷ್ಟು ಸಾವಿರ ಮೊಬೈಲ್‌ಗಳನ್ನು ಸೇರಿತು ಎಂಬ ಲೆಕ್ಕ ಉದ್ಘಾಟನಾ ಸಮಾರಂಭಕ್ಕೆ ಸಾಕು. ಆರು ತಿಂಗಳ ನಂತರವೂ ಎಷ್ಟು ಮಂದಿ ಬೀಡಿ ಮುಟ್ಟಿಲ್ಲ ಎಂಬ ಲೆಕ್ಕವೇ ಅದರ ನಿಜವಾದ ಪರೀಕ್ಷೆ. ಅದಕ್ಕೆ ಬೇಕಿರುವುದು ತೆರೆಯ ಮೇಲಿನ ಚಿತ್ತಾರವಲ್ಲ. ಕರೆದಾಗ ಓಗೊಡುವ, ತಮ್ಮದೇ ಭಾಷೆಯ ಒಂದು ದನಿ.